ಬೆಟ್ಟದ ಹಿಂಬದಿಯ ಗೆರೆ

ಪಾಠ ಮುಗಿದ ಮೇಲೆ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನೀವು ಹೇಳಿಕೊಟ್ಟದ್ದರಲ್ಲಿ ಒಂದಕ್ಷರವನ್ನೂ ನಾನು ಮರೆತಿಲ್ಲ. ನಿಮ್ಮ ಒಂದು ಮಾತಿಗೂ ಎದುರಾಡಿಲ್ಲ. ಗುರುವಿಗೆ ಹೆಮ್ಮೆ ತರಲು ಶಿಷ್ಯ ಇನ್ನೇನು ಮಾಡಬೇಕು?"

ಗುರುಗಳು ಈ ಕತೆ ಹೇಳಿದರು.

ಒಬ್ಬ ಮೋಜಣಿದಾರನಿದ್ದ. ಹರೆಯದಲ್ಲಿ ಒಂದು ಬೆಟ್ಟವನ್ನು ಅಳೆದು ಅದರ ನಕ್ಷೆ ಬರೆದಿದ್ದ. ನಕ್ಷೆಯ ತುಂಬ ಗೆರೆಗಳು. ಒಂದೊಂದು ಗೆರೆಯೂ ಒಂದೊಂದು ಎತ್ತರ; ಅದರ ಮೇಲೆಯೇ ನಡೆದವನು ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಗೆರೆಗಳು ಒತ್ತೊತ್ತಾಗಿದ್ದರೆ ಅಲ್ಲಿ ಬೆಟ್ಟ ಕಡಿದು. ದೂರ ದೂರವಿದ್ದರೆ ಇಳಿಜಾರು ಸಲೀಸು.

ಮುಪ್ಪಿನಲ್ಲಿ ಅವನು ಆ ಬೆಟ್ಟದ ಬುಡದ ಊರಿಗೇ ಬಂದು ನೆಲೆಸಿದ. ಚಾವಡಿಯ ಗೋಡೆಗೆ ನಕ್ಷೆಯನ್ನು ತೂಗುಹಾಕಿ, ಬಯಸಿದವರಿಗೆಲ್ಲ ಅದನ್ನು ಓದಲು ಕಲಿಸಿದ. ಹತ್ತು ಮಂದಿ ಕಲಿತರು. ಅವರು ಗೋಡೆಯ ಮುಂದೆ ನಿಂತು ಪಟಪಟನೆ ಒಪ್ಪಿಸುವುದನ್ನು ಕೇಳಿ ಅವನ ಎದೆ ಉಬ್ಬುತ್ತಿತ್ತು. ಹನ್ನೊಂದನೆಯವಳು ಒಬ್ಬ ಕುರಿ ಕಾಯುವ ಹೆಂಗಸು. ಅವಳು ಏನನ್ನೂ ಒಪ್ಪಿಸುತ್ತಿರಲಿಲ್ಲ. ಒಂದು ಗೆರೆಯನ್ನು ನೋಡಿಕೊಂಡು ಬೆಟ್ಟಕ್ಕೆ ಹೋಗುವಳು, ಸಂಜೆ ಬಂದು ಮತ್ತೊಂದನ್ನು ನೋಡುವಳು. ಇವಳ ತಲೆಗೆ ಹತ್ತುವುದು ಅಷ್ಟಕ್ಕಷ್ಟೇ ಎಂದು ಅವನು ಎಣಿಸಿದ್ದ.

ಊರು ಬೆಳೆಯಿತು, ಬಾವಿಯ ನೀರು ಸಾಲದಾಯಿತು. ಬೆಟ್ಟದ ಆಚೆಗೆ ಬತ್ತದ ಒರತೆಯೊಂದಿತ್ತು. ಅಲ್ಲಿಂದ ಬೆಟ್ಟವನ್ನು ಬಳಸಿ ಕಾಲುವೆ ತರುವುದೆಂದು, ಮನೆಗೊಬ್ಬರಂತೆ ಎರಡು ತಿಂಗಳು ದುಡಿಯುವುದೆಂದು ತೀರ್ಮಾನವಾಯಿತು. ಕಾಲುವೆ ನೀರು ಹರಿಯುವಷ್ಟೇ ಇಳುಕಲಿಟ್ಟುಕೊಂಡು, ನಕ್ಷೆಯ ಒಂದೇ ಗೆರೆಯನ್ನು ಹಿಡಿದು ಬರಬೇಕು. ಗೆರೆ ತಪ್ಪಿದರೆ ಊರಿನ ಬೆವರೆಲ್ಲ ಮಣ್ಣುಪಾಲು. ಮೋಜಣಿದಾರ ಬೆರಳಿಟ್ಟು ಗೆರೆ ತೋರಿಸಿದ. ಹತ್ತು ಮಂದಿಯೂ ಸರಿ ಎಂದರು.

ಕುರಿ ಕಾಯುವವಳು ಮುಂದೆ ಬಂದಳು. "ಅಯ್ಯಾ, ಬೆಟ್ಟದ ಹಿಂದ್ಗಡೆ ಈ ಗೆರೆ ಸರಿಯಿಲ್ಲ. ಮೇಯೋ ಕುರಿ ಸುಮ್ಮಸುಮ್ಮನೆ ಹತ್ತಾಕಿಲ್ಲ, ಇಳಿಯಾಕಿಲ್ಲ. ಒಂದೇ ಮಟ್ಟದಾಗೆ ಸುತ್ತಿಕೊಂಡು ಹೋಗ್ತವೆ. ಎಲ್ಲಾ ಕಡೆ ಅವುಗಳ ಜಾಡು ನಿಮ್ಮ ಗೆರೆ ಇದ್ದಂಗೇ ಐತೆ. ಹಿಂದ್ಗಡೆ ಮಾತ್ರ ಜಾಡು ಒಳಕ್ಕೆ ಬಾಗ್ತದೆ, ನಿಮ್ಮ ಗೆರೆ ನೆಟ್ಟಗೆ ಹೋಗ್ತದೆ. ಅಲ್ಲೊಂದು ದೊಡ್ಡ ಕೊರಕಲೈತೆ. ಕಾಲುವೆ ನೀರೆಲ್ಲ ಅದರೊಳಗೇ ಬೀಳ್ತದೆ."

ಮುದುಕನ ಮೈ ಉರಿಯಿತು. ಉರಿಯಲು ಕಾರಣವೂ ಇತ್ತು. ಹರೆಯದಲ್ಲಿ ಅವನು ಆ ಜಾಗಕ್ಕೆ ಹೋಗಿರಲೇ ಇಲ್ಲ. ಮುಳ್ಳುಪೊದೆ ದಾಟಲು ಬೇಸರಪಟ್ಟು, ಆಚೆಗೊಂದು ಈಚೆಗೊಂದು ಎತ್ತರ ಅಳೆದು, ನಡುವಿನದನ್ನು ಅಂದಾಜಿನ ಮೇಲೆ ಎಳೆದಿದ್ದ. ಗೆರೆ ಅಂದವಾಗಿ ಬಂದಿತ್ತು. ಬರಬರುತ್ತಾ ಅವನೇ ಅದನ್ನು ನಂಬಿಬಿಟ್ಟಿದ್ದ. ಈಗ 'ಕುರಿಗಳಿಗೂ ಮೋಜಣಿ ಬರುತ್ತದೆಯೋ' ಎಂದು ಒಂದು ಮಾತು ಎಸೆದಿದ್ದರೆ ಸಾಕಿತ್ತು. ಊರು ನಕ್ಕು ಗುದ್ದಲಿ ಹಿಡಿಯುತ್ತಿತ್ತು, ಅವನ ಹೆಸರಿಗೆ ಆ ದಿನದ ಮಟ್ಟಿಗೆ ಕುಂದು ಬರುತ್ತಿರಲಿಲ್ಲ.

ಆದರೆ ಅವನು ಗೆರೆಯ ಮೇಲಿಟ್ಟಿದ್ದ ಬೆರಳನ್ನು ತೆಗೆದ. ಊರವರ ಕಡೆ ತಿರುಗಿ, "ಇವಳು ಹೇಳಿದ್ದು ನಿಜ. ಅಲ್ಲಿ ನಾನು ಕಾಲಿಟ್ಟವನೇ ಅಲ್ಲ" ಎಂದ.

ಮರುದಿನ ಊರವರು ಹೋಗಿ ಕೊರಕಲನ್ನು ಕಣ್ಣಾರೆ ಕಂಡರು. ಮೋಜಣಿದಾರ ಹಳೆಯ ಗೆರೆಯನ್ನು ಅಳಿಸಿ ಲೇಖನಿಯನ್ನು ಅವಳ ಕೈಗೆ ಕೊಟ್ಟ. ಅವಳೆಳೆದ ಗೆರೆ ಸೊಟ್ಟಸೊಟ್ಟಗೆ ಬಂತು. ಕಾಲುವೆ ಅದನ್ನೇ ಹಿಡಿದು ಕೊರಕಲಿನ ನೆತ್ತಿಯನ್ನು ಬಳಸಿತು. ನೀರು ಊರು ಮುಟ್ಟಿತು.

ಅಂದಿನಿಂದ ಮುದುಕನನ್ನು ಹಿಡಿಯುವವರಿಲ್ಲ. ದಾರಿಹೋಕರನ್ನೂ ಚಾವಡಿಗೆ ಕರೆದು, ಅಂದದ ಗೆರೆಗಳನ್ನೆಲ್ಲ ಬಿಟ್ಟು ಆ ಸೊಟ್ಟ ಗೆರೆಯನ್ನೇ ತೋರಿಸುತ್ತಿದ್ದ. "ನನ್ನ ತಪ್ಪು ಹಿಡಿದವಳು ಈ ಊರಿನಲ್ಲೇ ಇದ್ದಾಳೆ. ಅವಳಿಗೆ ನಕ್ಷೆ ಓದಲು ಕಲಿಸಿದವನು ನಾನು" ಎನ್ನುತ್ತಿದ್ದ. ಉಳಿದ ಹತ್ತು ಮಂದಿಯ ಸುದ್ದಿಯನ್ನು ಅವನು ಎತ್ತಿದ್ದೇ ಇಲ್ಲ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನ ಮುಖ ನೋಡಿದರು.

"ಆ ಮುದುಕನನ್ನು ನೆನೆದರೆ ನನಗೆ ಹೊಟ್ಟೆಕಿಚ್ಚು; ಇಷ್ಟು ವರ್ಷ ಕಲಿಸಿಯೂ ನನಗೆ ಅಂಥ ಒಂದು ದಿನ ಬಂದಿಲ್ಲ."