ಬೆಳ್ಗೋಟೆ ದೊರೆಸಾನಿ ಕೊಟ್ಟ ಹಾಲು

“ಬೆಳ್ಗೋಟೆ ಸಂಸ್ಥಾನದ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ದೊರೆಸಾನಿ ಹೊನ್ನಾಜಮ್ಮಣ್ಣಿಯವರು ಕೂಡಿಕೆ ಮಾಡಿಕೊಂಡು ಮರುಮದುವೆಯಾಗಲು ಒಪ್ಪಿದ್ದಾರೆ. ಅವರ ಕೈಹಿಡಿಯಬೇಕೆನ್ನುವವನು ಚಾವಡಿಗೆ ಬಂದು ಮೂರು ಒಗಟು ಬಿಡಿಸಬೇಕು. ಬಿಡಿಸಿದವನು ಬಡವನಾದರೂ ದೊರೆಯಾಗುತ್ತಾನೆ. ತಪ್ಪಿದವನು ದೊರೆಸಾನಿಯವರು ಕೈಯಾರೆ ಕೊಡುವ ಒಂದು ಬಟ್ಟಲು ಹಾಲು ಕುಡಿಯಬೇಕು.”

ಡಂಗುರದವನು ಕೊನೆಯ ಮಾತನ್ನು ತಗ್ಗಿದ ದನಿಯಲ್ಲಿ ಸಾರಿ, ಬೇಗಬೇಗ ಮುಂದಿನ ಬೀದಿಗೆ ಹೋದ.

ಅದರ ಅರ್ಥವೇನೆಂದು ಯಾರೂ ಕೇಳಬೇಕಾಗಿರಲಿಲ್ಲ. ಹಿಂದಿನ ವರ್ಷ ರಾಜಾ ಕಸ್ತೂರಿ ನಾಯಕರು ಹೆಂಡತಿ ಕೊಟ್ಟ ಹಾಲು ಕುಡಿದು, ಸಂಜೆಯೊಳಗೆ ತೀರಿಕೊಂಡಿದ್ದರು. ಅವಳೇ ಪಾಷಾಣ ಬೆರೆಸಿದಳೆಂದು ಮೈದುನರು ದೂರು ಕೊಟ್ಟರು. ಇಂಗ್ಲಿಷ್ ಜಡ್ಜಿಯ ಮುಂದೆ ವಿಚಾರಣೆ ನಡೆಯಿತು. ನೋಡಲು ಜನ ಬುತ್ತಿ ಕಟ್ಟಿಕೊಂಡು ಬಂದರು. ತೀರ್ಪಿಗೆ ಮೊದಲೇ ಲಾವಣಿಕಾರರು ಹಾಡಿನಲ್ಲಿ ಅವಳನ್ನು ಗಲ್ಲಿಗೇರಿಸಿದ್ದರು. ಸಾಕ್ಷಿ ಸಾಲದೆಂದು ಜಡ್ಜಿ ಬಿಟ್ಟುಬಿಟ್ಟ. ಆದರೆ ಅರಮನೆಗೆ ಮರಳಿದ ಮೇಲೆ ಅವಳು ಬಡಿಸಿದ್ದನ್ನು ಆಳುಗಳೂ ಮುಟ್ಟುತ್ತಿರಲಿಲ್ಲ. ಒಂದೆಡೆ ಕೂರಲಾಗದೆ ಅವಳು ಒಳಾಂಗಣದ ತೊಟ್ಟಿಯ ಸುತ್ತ ನಡೆಯುತ್ತಲೇ ಇರುತ್ತಿದ್ದಳು. ಗಂಡುದಿಕ್ಕಿಲ್ಲದ ಸಂಸ್ಥಾನ ಇನ್ನೇನು ಮೈದುನರ ಪಾಲಾಗುವುದರಲ್ಲಿತ್ತು.

ಮೊದಲು ಬಂದವನು ನೆರೆಯ ಪಾಳೆಯಗಾರನ ಮಗ ಸರ್ಜಾ ನಾಯಕ. ದೊರೆಸಾನಿ ಚಾವಡಿಯಲ್ಲಿ ಅತ್ತಿಂದಿತ್ತ ನಡೆಯುತ್ತಲೇ ಕೇಳಿದಳು:

“ಅದು ನನ್ನದು. ನಾನು ಹೊಸಿಲು ದಾಟದಿದ್ದರೂ ಊರೂರು ತಿರುಗುತ್ತದೆ. ಎಲ್ಲರೂ ಅದನ್ನು ಬಳಸುತ್ತಾರೆ, ನಾನು ಬಳಸುವುದೇ ಇಲ್ಲ. ಏನದು?”

“ಅರಮನೆಯ ಬೊಕ್ಕಸ,” ಎಂದ ಸರ್ಜಾ ನಾಯಕ.

“ಅಲ್ಲ,” ಎಂದು ಅವಳು ಬೆಳ್ಳಿಯ ಬಟ್ಟಲು ಮುಂದಿಟ್ಟಳು. ಅವನು ಅದನ್ನೇ ನೋಡಿದ. “ಕುದುರೆಗೆ ನೀರು ತೋರಿಸಿ ಬಂದುಬಿಡುತ್ತೇನೆ,” ಎಂದು ಎದ್ದವನು ಗಡಿ ದಾಟುವ ತನಕ ಲಗಾಮು ಸಡಿಲಿಸಲಿಲ್ಲ.

ಎರಡನೆಯವನು ಸುಬೇದಾರ ಕಾಟನಾಯಕ, ಪಲ್ಟನ್ನಿನಲ್ಲಿದ್ದು ಬಂದವನು. ಅದೇ ಒಗಟಿಗೆ ಬಹಳ ಹೊತ್ತು ಮೀಸೆ ತೀಡಿ, “ಹೆಸರು,” ಎಂದ. ದೊರೆಸಾನಿಯ ನಡಿಗೆ ಅರೆಗಳಿಗೆ ನಿಂತಿತು.

“ಎರಡನೆಯದು. ವಿಚಾರಣೆಯಲ್ಲಿ ಅಡುಗೆಯವನಿಂದ ಆನೆ ಮಾವುತನವರೆಗೆ ಎಲ್ಲರನ್ನೂ ಕರೆದು ಕೇಳಿದರು. ನಡೆದದ್ದೆಲ್ಲ ಗೊತ್ತಿದ್ದ ಒಬ್ಬನನ್ನು ಮಾತ್ರ ಕರೆಯಲಿಲ್ಲ. ಕರೆದಿದ್ದರೂ ಅವನು ಬರುತ್ತಿರಲಿಲ್ಲ. ಯಾರವನು?”

“ಸೂರ್ಯದೇವ.”

“ಅಲ್ಲ.”

ಕಾಟನಾಯಕ ಬಟ್ಟಲನ್ನು ತುಟಿಯವರೆಗೆ ಒಯ್ದ. ಬೆರಳು ಸಡಿಲಿ ಹಾಲು ನೆಲದ ಪಾಲಾಯಿತು. “ಕೈ ಜಾರಿತು,” ಎಂದ.

“ಇನ್ನೊಂದು ಬಟ್ಟಲು ತರಿಸುತ್ತೇನೆ.”

ಅವನು ಕೈಮುಗಿದ. “ನನಗೆ ಸಣ್ಣ ಮಕ್ಕಳಿದ್ದಾರೆ, ದೊರೆಸಾನಿಯವರೇ.”

“ನನ್ನನ್ನು ಕೇಳಿಕೊಂಡು ಬಂದಾಗಲೂ ಇದ್ದರಲ್ಲ,” ಎಂದಳು ಅವಳು. “ಹೋಗಿ.”

ಆಮೇಲೆ ಯಾರೂ ಬರಲಿಲ್ಲ. ಅರಮನೆಗೆ ಬಂದು ಸೇರಲು ಮೈದುನರು ಸಾಮಾನು ಕಟ್ಟಿಸುತ್ತಿದ್ದಾರೆಂಬ ಸುದ್ದಿ ಬಂತು. ಅಂಥ ಒಂದು ಮಧ್ಯಾಹ್ನ ಪಲ್ಲಕ್ಕಿ ಹೊರುವ ಪಾಲಯ್ಯ ಚಾವಡಿಯ ಮೆಟ್ಟಿಲ ಬಳಿ ಬಂದು ನಿಂತ. ವಿಚಾರಣೆಯ ಕಾಲದಲ್ಲಿ ಅವಳನ್ನು ಕೋರ್ಟಿಗೆ ಹೊತ್ತೊಯ್ಯುತ್ತಿದ್ದವರಲ್ಲಿ ಅವನೊಬ್ಬ. ಒಂದು ದಿನ ಜನ ಕಲ್ಲು ತೂರಿ ಅವನ ಹಣೆ ಒಡೆದಾಗ, ಪರದೆಯ ಒಳಗಿಂದ, “ನನ್ನನ್ನು ಇಳಿಸಿ ಓಡಿಹೋಗ್ರಪ್ಪ, ನಿಮಗ್ಯಾಕೆ ಏಟು?” ಎಂಬ ದನಿ ಬಂದಿತ್ತು. ಅಂದಿನಿಂದ ಅವನಿಗೂ ನೆಮ್ಮದಿಯಿರಲಿಲ್ಲ. ಎಲ್ಲಿ ಆ ಲಾವಣಿ ಶುರುವಾದರೂ ಎದ್ದು ಹೊರಟುಬಿಡುತ್ತಿದ್ದ.

ಮೊದಲ ಒಗಟಿಗೆ ಅವನು, “ನಿಮ್ಮ ಹೆಸರು,” ಎಂದ. “ನಮ್ಮ ಕೇರೀಲಿ ಮಕ್ಕಳು ಉಣ್ಣದಿದ್ದರೆ ಅದನ್ನೇ ಹೇಳಿ ಹೆದರಿಸ್ತಾರೆ.”

ಎರಡನೆಯದಕ್ಕೆ ಹೇಳಿದ: “ತೀರಿಕೊಂಡ ದೊರೆಗಳು. ತಾವು ಏನು ತಿಂದೆವು, ಏನು ಕುಡಿದೆವು ಅನ್ನೋದು ಅವರಿಗೆ ಗೊತ್ತಿತ್ತು.”

ದೊರೆಸಾನಿ ಬಟ್ಟಲು ತಂದು ಅವನ ಮುಂದೆ ಹಿಡಿದಳು. ಹಾಲು ತುಳುಕುತ್ತಿತ್ತು.

“ಮೂರನೆಯದು. ಇದರಲ್ಲಿ ಏನಿದೆ?”

ಮುದಿ ಕಾರಭಾರಿ ವೆಂಕೋಬರಾಯರು ಕೂತಲ್ಲಿಂದ ಎದ್ದರು. “ಯೋಚನೆ ಮಾಡಿ ಹೇಳಪ್ಪ. ವಿಷ ಅಂದರೂ ಕಷ್ಟ, ಅಮೃತ ಅಂದರೂ ಕಷ್ಟ.”

ಪಾಲಯ್ಯ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡ. ಯಾರಾದರೂ ತಡೆಯುವ ಮುನ್ನ ಗಟಗಟನೆ ಕುಡಿದು, ಬಾಯಿ ಒರೆಸಿಕೊಂಡ.

“ಹಾಲು,” ಎಂದ. “ಚೂರು ತಳ ಹಿಡಿದಿದೆ.”

ಚಾವಡಿಯಲ್ಲಿದ್ದವರೆಲ್ಲ ಅವನು ಬೀಳುತ್ತಾನೆಂದು ಕಾದರು. ಬಿಸಿಲು ಕಂಬದಿಂದ ಕಂಬಕ್ಕೆ ಸರಿಯಿತು. ಪಾಲಯ್ಯ ಒಮ್ಮೆ ಕೆಮ್ಮಿದಾಗ ಎಲ್ಲರೂ ಬೆಚ್ಚಿದರು. ಅವನು ಬೀಳಲಿಲ್ಲ.

“ನಿನಗೆ ಹೆದರಿಕೆಯಾಗಲಿಲ್ಲವೇ?” ದೊರೆಸಾನಿ ಕೇಳಿದಳು.

“ಆಯ್ತು. ಅದಕ್ಕೇ ಗಟಗಟ ಕುಡಿದುಬಿಟ್ಟೆ.”

“ಕುಡಿಯದೆಯೇ ಹೇಳಬಹುದಿತ್ತಲ್ಲ.”

“ಹೇಳಿದ್ದರೆ ಅದೂ ಒಂದು ಊಹೆ ಆಗ್ತಿತ್ತು. ನಿಮ್ಮ ಬಗ್ಗೆ ಬೇಕಾದಷ್ಟು ಜನ ಊಹೆ ಮಾಡಿದ್ದಾರೆ.”

ಆಗ ಅವಳು ಮೆಟ್ಟಿಲ ಮೇಲೆ ಕೂತು, ಕೋರ್ಟಿನಲ್ಲಿ ಯಾರೂ ನಂಬದ ಮಾತನ್ನು ಮತ್ತೊಮ್ಮೆ ಹೇಳಿದಳು. ಅಂದು ರಾಜರು ಒಬ್ಬ ದೇಶಾಂತರಿ ವೈದ್ಯನಿಂದ ತಾಕತ್ತಿನ ಭಸ್ಮ ತರಿಸಿಕೊಂಡಿದ್ದರು. ಹೆಂಡತಿಗೆ ಹೇಳಲು ನಾಚಿ, ಅವಳು ಅತ್ತ ತಿರುಗಿದಾಗ ಬಾಯಿಗೆ ಹಾಕಿಕೊಂಡು ಮೇಲೆ ಹಾಲು ಕುಡಿದರು. ಸಂಕಟ ಶುರುವಾದ ಮೇಲೆ ಅವಳೊಬ್ಬಳ ಕಿವಿಯಲ್ಲಿ ಅದನ್ನು ಹೇಳಿದ್ದರು. ವೈದ್ಯ ಆ ದಿನವೇ ಊರು ಬಿಟ್ಟಿದ್ದ. “ಹೆಸರನ್ನು ಕಳೆದುಕೊಂಡವಳು ನಾನು, ಸಾಕ್ಷಿ ಹೇಳಬೇಕಾದವರು ತೀರಿಕೊಂಡ ದೊರೆಗಳು,” ಎಂದಳು. “ಉಳಿದದ್ದು ಈ ಹಾಲು. ಅದನ್ನು ಒಬ್ಬರಾದರೂ ಕುಡಿಯಲಿ ಅಂತ ಕಾದೆ.”

ವೆಂಕೋಬರಾಯರು ಕಣ್ಣೊರೆಸಿಕೊಂಡು ಪಾಲಯ್ಯನ ತಲೆಗೆ ಸಂಸ್ಥಾನದ ರುಮಾಲು ಸುತ್ತಿಸಿದರು. ಮೈದುನರು ದಾರಿಯಲ್ಲೇ ಸುದ್ದಿ ಕೇಳಿ ಗಾಡಿ ತಿರುಗಿಸಿದರು.

ಕೂಡಿಕೆ ಸೋಮವಾರ ನಡೆಯಿತು. ಊಟಕ್ಕೆ ಕರೆದವರಲ್ಲಿ ಅರ್ಧದಷ್ಟು ಜನ ಬರಲಿಲ್ಲ. ಬಂದವರು ಎಲೆಯ ಮುಂದೆ ಕೂತು, ಕೈ ಹಾಕದೆ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ದೊರೆಸಾನಿ ತಾನೇ ಬಡಿಸುತ್ತ ಸಾಲಿನ ಕೊನೆಗೆ ಬಂದಳು. ಅಲ್ಲಿ ಕೂತಿದ್ದ ಹಲ್ಲಿಲ್ಲದ ಮುದುಕಿಯೊಬ್ಬಳು ಆಗಲೇ ಎಲೆ ಬಳಿದು ಮುಗಿಸಿದ್ದಳು.

“ಪಾಯಸ ಇನ್ನೊಂದು ಸೌಟು ಹಾಕವ್ವ,” ಎಂದಳು.