ತಾಮ್ರದ ತಂತಿ

ಹೊಳೆ ದಂಡೆಯಲ್ಲಿ ಒಂದು ಆಶ್ರಮ. ನಾಲ್ಕು ಹೆಂಚಿನ ಕೋಣೆ, ಒಂದು ಹೊಂಗೆ ಮರ, ಮರದ ಕೆಳಗೆ ಒಂದು ಹಳೇ ಕಾರು. ಯಾರೋ ಭಕ್ತರು ತಾವು ಓಡಿಸಿ ಓಡಿಸಿ ಸಾಕಾದ ಮೇಲೆ ಗುರುಗಳಿಗೆ ಅಂತ ಬಿಟ್ಟುಹೋದದ್ದು.

ಕಾರು ನೋಡಿಕೊಳ್ಳುವವನು ಬೆಳ್ಳಪ್ಪ. ಹನ್ನೆರಡು ವರ್ಷ ಲಾರಿ ಓಡಿಸಿ, ಆಮೇಲೆ ಮನೆಯವರ ಮೇಲೆ ಮನಸ್ಸು ಕಹಿ ಮಾಡಿಕೊಂಡು ಬಂದು ಗುರುಗಳ ಕಾಲಡಿ ಕೂತ ಶಿಷ್ಯ. ಆ ಸೀಮೆಯವರೆಲ್ಲ ಕರೆಯುವ ಹಾಗೆ ಅವನೂ ಗುರುಗಳನ್ನು ‘ಬುದ್ಧಿ’ ಅಂತಲೇ ಕರೆಯುತ್ತಿದ್ದ.

ಕಾರಿಗೆ ಒಂದೇ ರೋಗ. ಚೆನ್ನಾಗಿ ಓಡುತ್ತಾ ಇರುವಾಗಲೇ ಹಾರನ್ನಿಗೆ ದನಿ ಹೋಗುವುದು, ವೈಪರ್ ಅರ್ಧಕ್ಕೆ ನಿಲ್ಲುವುದು, ಇಂಡಿಕೇಟರು ಕಣ್ಣು ಮುಚ್ಚುವುದು. ಬಾನೆಟ್ ಎತ್ತಿ ನೋಡಿದರೆ ಫ್ಯೂಸು ಸುಟ್ಟಿರುತ್ತಿತ್ತು. ಬೀಡಿ ತುಂಡಿನಷ್ಟು ಗಾಜಿನ ಕೊಳವೆ, ಒಳಗೆ ಕೂದಲೆಳೆಯಂಥ ತಂತಿ. ಆ ತಂತಿ ಕರಗಿ ಎರಡು ತುಂಡು.

ಬೆಳ್ಳಪ್ಪ ಬಯ್ದುಕೊಂಡು ಹೊಸದು ಹಾಕುವನು. ನಾಲ್ಕು ದಿನಕ್ಕೆ ಅದೂ ಸುಡುವುದು.

ಒಂದು ಸಲ ಅವನು ಸುಟ್ಟ ಫ್ಯೂಸನ್ನು ಬೇಲಿಯಾಚೆ ಎಸೆದ. ಗುರುಗಳು ನಿಧಾನಕ್ಕೆ ಎದ್ದು ಹೋಗಿ, ಹುಡುಕಿ ತಂದು, ತಮ್ಮ ಹಳೇ ವಿಭೂತಿ ಡಬ್ಬಿಗೆ ಹಾಕಿಕೊಂಡರು.

“ಅದ್ಯಾಕೆ ಬುದ್ಧಿ? ಕೆಟ್ಟುಹೋಗಿರೋ ವಸ್ತು.”

“ಕೆಟ್ಟುಹೋದದ್ದು ಇದೇನಾ?” ಅಂದರು ಗುರುಗಳು.

ಬೆಳ್ಳಪ್ಪ ಹೊಸ ಫ್ಯೂಸು ಹುಡುಕಲಿಕ್ಕೆ ಹೋದ.

ಪೇಟೆಯಲ್ಲಿ ಗಾಡಿ ವೈರಿಂಗ್ ಮಾಡುವ ಅಮೀರ್ ಜಾನ್ ಸಾಬರೂ ಹೆಚ್ಚುಕಮ್ಮಿ ಅದನ್ನೇ ಹೇಳಿದ್ದರು. “ಫ್ಯೂಸನ್ನ ಯಾಕೆ ಬಯ್ತೀಯ ಬೆಳ್ಳಪ್ಪಾ, ಅದು ಅದರ ಕೆಲಸ ಮಾಡ್ತಾ ಇದೆ. ಒಳಗೆ ಎಲ್ಲೋ ಒಂದು ಕಡೆ ವೈರಿನ ಸಿಪ್ಪೆ ಸವೆದು ತಗಡಿಗೆ ತಾಗ್ತಿದೆ. ಗಾಡಿ ಎರಡು ದಿನ ಬಿಟ್ಟುಹೋಗು. ಒಂದೊಂದೇ ಬಿಚ್ಚಿ ನೋಡಬೇಕು.”

“ಬಿಚ್ಚೋದೇನು ಬೇಡ ಸಾಬರೇ. ಹನ್ನೆರಡು ವರ್ಷ ಲಾರಿ ಓಡಿಸಿದವನು ನಾನು.”

“ಓಡಿಸೋದು ಬೇರೆ, ಬಿಚ್ಚೋದು ಬೇರೆ” ಅಂದು ಸಾಬರು ತಮ್ಮ ಕೆಲಸಕ್ಕೆ ಬಗ್ಗಿದರು.

ಇದು ಕಾರಿನ ಮಾತಾಯಿತು. ಇನ್ನೊಂದು ಮಾತಿದೆ.

ಪ್ರತಿ ಅಮಾವಾಸ್ಯೆಗೆ ಬೆಳ್ಳಪ್ಪನ ಅಕ್ಕ ಮಲ್ಲಾಜಮ್ಮ ಎರಡು ಬಸ್ಸು ಹತ್ತಿಳಿದು ಆಶ್ರಮಕ್ಕೆ ಬರುತ್ತಿದ್ದಳು. ಕೆಂಪಂಚಿನ ಬಟ್ಟೆಯಲ್ಲಿ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಬುತ್ತಿ ಕಟ್ಟಿಕೊಂಡು ಬರುವಳು. ಗುರುಗಳಿಗೆ ಅಡ್ಡಬಿದ್ದು, ತಮ್ಮನಿಗೆ ಉಣ್ಣಲಿಕ್ಕೆ ಇಟ್ಟು, ಅವನು ಎರಡನೇ ರೊಟ್ಟಿ ಮುರಿಯುವ ಹೊತ್ತಿಗೆ ಸರಿಯಾಗಿ ಶುರುಮಾಡುವಳು.

“ಒಂದು ಸಲ ಊರಿಗೆ ಬಾರೋ. ರಾಚನ ಹತ್ತಿರ ಒಂದು ಮಾತಾಡೋ.”

ರಾಚಪ್ಪ ಇವರಿಬ್ಬರ ಕಡೇ ತಮ್ಮ. ಅಪ್ಪ ತೀರಿಕೊಂಡಾಗ ಬೆಳ್ಳಪ್ಪ ಲಾರಿಯಲ್ಲಿ ಎಲ್ಲೋ ದೂರದಲ್ಲಿದ್ದ. ಸುದ್ದಿ ತಿಳಿದು ಬರುವಷ್ಟರಲ್ಲಿ ರಾಚಪ್ಪ ಅಪ್ಪನನ್ನು ಮಣ್ಣು ಮಾಡಿಬಿಟ್ಟಿದ್ದ. ಅಪ್ಪನ ಮುಖ ನೋಡಲಿಕ್ಕೂ ಬಿಡಲಿಲ್ಲವಲ್ಲ ಅಂತ ಅವತ್ತು ಬಿಟ್ಟ ಮಾತು. ಏಳು ವರ್ಷವಾಗಿತ್ತು.

“ನನಗಾಗಿ ಒಂದು ಗಳಿಗೆ ಕಾಯದವನ ಹತ್ತಿರ ನನಗೇನು ಮಾತು?”

“ಹೊತ್ತು ಮುಳುಗೋವರೆಗೂ ಕಾದ ಕಣೋ. ಊರವರೆಲ್ಲ ಬಯ್ದರೂ ಕಾದ. ನಾನು ಕಣ್ಣಾರೆ ಕಂಡವಳು.”

“ನೀನು ಅವನ ಕಡೆಯವಳು.”

“ಅವನೂ ಹೀಗೇ ಅಂತಾನೆ. ನೀನು ಅಣ್ಣನ ಕಡೆಯವಳು ಅಂತ ಉರಿದುಬೀಳ್ತಾನೆ. ಅಲ್ಲಿ ಅವನ ಹತ್ತಿರ ಅನ್ನಿಸಿಕೊಂಡು ಬರ್ತೀನಿ, ಇಲ್ಲಿ ನಿನ್ನ ಹತ್ತಿರ ಅನ್ನಿಸಿಕೊಂಡು ಹೋಗ್ತೀನಿ.”

ಮಾತಿಗೆ ಮಾತು ಬೆಳೆದು, ಕೊನೆಗೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಸ್ಸಿಗೆ ನಡೆಯುವಳು. ಪ್ರತಿ ಅಮಾವಾಸ್ಯೆಗೂ ಇದೇ.

ಒಂದು ಅಮಾವಾಸ್ಯೆ ಬೆಳ್ಳಪ್ಪನ ತಲೆ ಕೆಟ್ಟುಹೋಯಿತು. ಬೆಳಿಗ್ಗೆ ತಾನೆ ಹೊಸ ಫ್ಯೂಸು ಸುಟ್ಟಿತ್ತು. ಮಧ್ಯಾಹ್ನ ಅಕ್ಕ ಬಂದಳು. ಅವಳು ಬಾಯಿ ತೆಗೆಯುವ ಮೊದಲೇ ಅವನು ಅಂದುಬಿಟ್ಟ.

“ಅಕ್ಕಯ್ಯ, ಇನ್ನು ಮೇಲೆ ನೀನು ಬರಬೇಡ. ಬಂದರೂ ನಾನು ಎದುರಿಗೆ ಬರಲ್ಲ.”

ಮಲ್ಲಾಜಮ್ಮ ಅವತ್ತು ಅಳಲಿಲ್ಲ. ಅವನ ಮುಖ ಒಂದು ಗಳಿಗೆ ನೋಡಿದಳು. ಬುತ್ತಿಯ ಬಟ್ಟೆಯನ್ನೂ ತೆಗೆದುಕೊಳ್ಳದೆ ಎದ್ದು ಹೋದಳು.

ಸಂಜೆ ಬೆಳ್ಳಪ್ಪ ಕಾರಿನ ಬಾನೆಟ್ ಎತ್ತಿದ. ಫ್ಯೂಸು ಕಿತ್ತು ಹಾಕಿದ. ಅದರ ಜಾಗಕ್ಕೆ ದಪ್ಪ ತಾಮ್ರದ ತಂತಿ ತಂದು, ಮೂರು ಸುತ್ತು ಸುತ್ತಿ, ಇಕ್ಕಳದಲ್ಲಿ ಬಿಗಿದ.

“ಇನ್ನು ಸುಡು ನೋಡೋಣ” ಅಂದ.

ಸುಡಲಿಲ್ಲ. ವಾರ ಹೋಯಿತು, ತಿಂಗಳು ಹೋಯಿತು, ಮೂರು ಅಮಾವಾಸ್ಯೆ ಕಳೆದವು. ಹಾರನ್ನು ಒತ್ತಿದ ತಕ್ಷಣ ಕೂಗುತ್ತಿತ್ತು. ವೈಪರ್ ಆಡುತ್ತಿತ್ತು. ಆಶ್ರಮದಲ್ಲಿ ಮಧ್ಯಾಹ್ನದ ಜಗಳವೂ ಇಲ್ಲ, ಅಳುವೂ ಇಲ್ಲ.

“ಕಾರು ಸರಿಹೋಯ್ತು ಬುದ್ಧಿ” ಅಂದ ಬೆಳ್ಳಪ್ಪ. “ಮನಸ್ಸೂ ಈಗ ಹೊಳೆ ನೀರಿನ ಹಾಗಿದೆ.”

“ಹಾಗಾದರೆ ಎರಡೂ ಕಡೆ ಸದ್ದಿಲ್ಲ ಅನ್ನು.”

“ಇಲ್ಲ ಬುದ್ಧಿ.”

ಗುರುಗಳು ಏನೋ ಹೇಳಲಿಕ್ಕೆ ಬಾಯಿ ತೆಗೆದರು. ಆಮೇಲೆ ಜಪಮಾಲೆ ಕೈಗೆತ್ತಿಕೊಂಡರು.

ಮೂರನೇ ಅಮಾವಾಸ್ಯೆ ಕಳೆದು ಇಪ್ಪತ್ತೈದು ದಿನವಾಗಿತ್ತು. ಬೆಳ್ಳಪ್ಪ ಗುರುಗಳನ್ನು ಕೂರಿಸಿಕೊಂಡು ಪೇಟೆ ಕಡೆ ಹೊರಟಿದ್ದ. ಹಾದಿಯ ನಡುವೆ ಸುಟ್ಟ ರಬ್ಬರಿನ ವಾಸನೆ ಬಂತು. ಸ್ಟೀರಿಂಗಿನ ಕೆಳಗಿಂದ ಬಿಳೀ ಹೊಗೆ ಎದ್ದಿತು, ನೋಡನೋಡುತ್ತಾ ಕಪ್ಪಾಯಿತು, ಬೆಂಕಿ ಹತ್ತಿತು. ಅವನು ಗಾಡಿ ನಿಲ್ಲಿಸಿ, ಗುರುಗಳನ್ನು ರಟ್ಟೆ ಹಿಡಿದು ಇಳಿಸಿ, ರಸ್ತೆ ಬದಿಯ ಮಣ್ಣು ಬಾಚಿ ಬಾಚಿ ಸುರಿದ. ಬೆಂಕಿ ಆರುವ ಹೊತ್ತಿಗೆ ಅವನ ಕೈಯ ಚರ್ಮ ಎದ್ದಿತ್ತು.

ಬಾನೆಟ್ ಎತ್ತಿ ನೋಡಿದ. ಕೆಂಪು, ಹಸಿರು, ಹಳದಿ ಅಂತ ಇದ್ದ ವೈರುಗಳೆಲ್ಲ ಕರಗಿ, ಒಂದಕ್ಕೊಂದು ಅಂಟಿ, ಇದ್ದಿಲ ಮುದ್ದೆಯಾಗಿದ್ದವು. ಅದರ ನಡುವೆ ಅವನು ಕಟ್ಟಿದ ತಾಮ್ರದ ತಂತಿ ಮಾತ್ರ ಸುತ್ತಿದ ಮೂರು ಸುತ್ತು ಹಾಗೇ ಇದ್ದು ಹೊಳೆಯುತ್ತಿತ್ತು.

ಗುರುಗಳೂ ಬಂದು ಬಗ್ಗಿ ನೋಡಿದರು.

“ಇದಕ್ಕೇನೂ ಆಗಿಲ್ಲವಲ್ಲ” ಅಂದರು.

ಬೆಳ್ಳಪ್ಪ ಆ ತಂತಿಯನ್ನೇ ನೋಡುತ್ತಾ ನಿಂತ. ಅದ್ಯಾಕೋ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಸ್ಸಿಗೆ ನಡೆಯುವ ಅಕ್ಕ ಕಣ್ಣ ಮುಂದೆ ಬಂದಳು.

“ಬುದ್ಧಿ, ನಾನು ಊರಿಗೆ ಹೋಗಿಬರ್ತೀನಿ.”

“ಹೋಗು ಮಗ. ಬೇಗ ಹೋಗು.”

ಊರಿಗೆ ಹೋದಾಗ ಮಲ್ಲಾಜಮ್ಮ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಬದಿಯಲ್ಲಿ ರಾಚಪ್ಪನ ಹೆಂಡತಿ ಕೂತಿದ್ದಳು. ಅವಳ ಕೈಯಲ್ಲಿ ಬಳೆ ಇರಲಿಲ್ಲ.

ಬೆಳ್ಳಪ್ಪ ಅಂಗಳದಲ್ಲೇ ನಿಂತ.

“ಯಾವಾಗ ಅಕ್ಕಯ್ಯ?”

“ಇಪ್ಪತ್ತು ದಿನವಾಯ್ತು. ಕಾಮಾಲೆ. ಒಂದು ತಿಂಗಳು ಮಲಗಿದ್ದ.”

“ಒಂದು ತಿಂಗಳಾ? ನನಗೆ ಯಾಕೆ ಹೇಳಲಿಲ್ಲ?”

ಮಲ್ಲಾಜಮ್ಮ ಅವರೆಕಾಯಿ ಕೆಳಗಿಟ್ಟಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಸುಲಭವಾಗುತ್ತಿತ್ತು.

“ಬರಬೇಡ ಅಂದಿದ್ದೆಯಲ್ಲಪ್ಪ. ಮೂರು ಸಲ ಬಸ್ ಸ್ಟ್ಯಾಂಡಿನವರೆಗೂ ಬಂದೆ. ಅಲ್ಲೇ ಕೂತಿದ್ದು ವಾಪಸು ಬಂದೆ.”

ಅವನು ಜಗಲಿಯ ಅಂಚಿಗೆ ಬಂದು ಕೂತ.

“ಅಣ್ಣ ಬಂದನಾ ಅಂತ ಕೇಳ್ತಿದ್ದ. ಬರ್ತಾನೆ ಮಲಗು ಅಂತಿದ್ದೆ. ಕೊನೇ ದಿನ ಊರವರು ಎತ್ತೋಣ ಅಂದರು. ನಾನೇ ಬಿಡಲಿಲ್ಲ.” ಅವಳು ಅಂಗಳದ ಬಿಸಿಲು ನೋಡಿದಳು. “ಹೊತ್ತು ಮುಳುಗೋವರೆಗೂ ಇಟ್ಟುಕೊಂಡಿದ್ದೆವು ಕಣೋ. ಈ ಸಲವೂ.”

ಬೆಳ್ಳಪ್ಪ ಒಂದು ದಿನ ಊರಲ್ಲಿದ್ದ. ತಮ್ಮನ ಸಮಾಧಿಯ ಹಸಿ ಮಣ್ಣಿನ ಹತ್ತಿರ ಕೂತಿದ್ದ. ಏಳು ವರ್ಷ ಕೂಡಿಟ್ಟ ಮಾತುಗಳಲ್ಲಿ ಒಂದಾದರೂ ಅಲ್ಲಿ ಆಡುವಂಥದ್ದು ಸಿಕ್ಕಲಿಲ್ಲ. ಹೊರಡುವಾಗ ಅಕ್ಕ ಬಾಗಿಲವರೆಗೆ ಬಂದಳು. ಮತ್ತೆ ಬರುತ್ತೀನಿ ಅಂತ ಅವಳೂ ಹೇಳಲಿಲ್ಲ, ಬಾ ಅಂತ ಇವನಿಗೂ ಬಾಯಿ ಬರಲಿಲ್ಲ.

ಆಶ್ರಮಕ್ಕೆ ಬಂದಾಗ ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಅವನು ನಡೆದದ್ದನ್ನೆಲ್ಲ ಹೇಳಿ ಎರಡು ಮೆಟ್ಟಿಲು ಕೆಳಗೆ ಕೂತುಕೊಂಡ.

“ಬುದ್ಧಿ, ಹೀಗಾಗುತ್ತೆ ಅಂತ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಆ ತಂತಿ ಕಟ್ಟಿದಾಗಲೂ ಗೊತ್ತಿತ್ತು. ಅಕ್ಕಯ್ಯನ್ನ ಕಳಿಸಿದಾಗಲೂ ಗೊತ್ತಿತ್ತು. ಯಾಕೆ ಹೇಳಲಿಲ್ಲ?”

ಗುರುಗಳು ಕೈಯಲ್ಲಿದ್ದ ಜಪಮಾಲೆಯನ್ನು ಮೆಟ್ಟಿಲ ಮೇಲೆ ಇಟ್ಟರು.

“ಅವಳು ಬರೋದು ನಿಂತಾಗ ನನಗೂ ಹಿತವಾಯ್ತು ಮಗ. ಮಧ್ಯಾಹ್ನದ ಜಪ ಕೆಡೋದು ತಪ್ಪಿತು. ನಾಳೆ ಹೇಳೋಣ, ನಾಳೆ ಹೇಳೋಣ ಅಂದುಕೊಂಡೆ. ಅದು ನನ್ನ ತಪ್ಪು. ನಿನಗೆ ಹೊರಿಸಲ್ಲ.”

ಗುರುಗಳ ಬಾಯಲ್ಲಿ ಇಂಥ ಮಾತು ಬೆಳ್ಳಪ್ಪ ಎಂದೂ ಕೇಳಿರಲಿಲ್ಲ. ಅವನಿಗೆ ಅಳು ಬಂತು. ಗುರುಗಳು ಸುಮ್ಮನಿರು ಅನ್ನಲಿಲ್ಲ. ಅಳುವಷ್ಟು ಅಳಲಿಕ್ಕೆ ಬಿಟ್ಟರು.

ಆಮೇಲೆ ಅವನು ಮೂಗು ಒರೆಸಿಕೊಂಡು ಕೇಳಿದ.

“ಕಾರನ್ನ ಏನು ಮಾಡ್ಲಿ ಬುದ್ಧಿ?”

“ಸಾಬರ ಹತ್ತಿರ ಎಳೆಸಿಕೊಂಡು ಹೋಗಿ ಬಿಡು. ಎರಡು ದಿನ ಅಂದಿದ್ದರು, ಈಗ ಎರಡು ತಿಂಗಳಾದರೂ ಆಗಲಿ. ಒಂದೊಂದೇ ಬಿಚ್ಚಲಿ. ನೀನೂ ಪಕ್ಕದಲ್ಲಿ ಕೂತು ನೋಡು.”

“ನಾನು ಏನು ಮಾಡ್ಲಿ?”

ಗುರುಗಳು ಎದ್ದು ಒಳಗೆ ಹೋದರು. ಬರುವಾಗ ಒಂದು ಕೈಯಲ್ಲಿ ವಿಭೂತಿ ಡಬ್ಬಿಯಿತ್ತು. ಅದನ್ನು ತೆರೆದು ಮೆಟ್ಟಿಲ ಮೇಲೆ ಇಟ್ಟರು. ಒಳಗೆ ಇಷ್ಟು ದಿನ ಅವನು ಎಸೆದ ಸುಟ್ಟ ಫ್ಯೂಸುಗಳೆಲ್ಲ, ಒಂದರ ಪಕ್ಕ ಒಂದು, ಮಲಗಿಸಿದ ಹಾಗೆ.

ಇನ್ನೊಂದು ಕೈಯಲ್ಲಿ ಕೆಂಪಂಚಿನ ಬಟ್ಟೆಯಿತ್ತು. ಒಗೆದು, ನಾಲ್ಕು ಮಡಿಕೆ ಮಾಡಿ ಇಟ್ಟಿದ್ದರು. ಅದನ್ನು ಬೆಳ್ಳಪ್ಪನ ಸುಟ್ಟ ಅಂಗೈ ಮೇಲೆ ಮೆಲ್ಲಗೆ ಇಟ್ಟು ಗುರುಗಳು ಅಂದರು:

“ನಾಡಿದ್ದು ಅಮಾವಾಸ್ಯೆ. ಈ ಸಲ ಬುತ್ತಿ ನೀನು ಕಟ್ಟಿಕೊಂಡು ಹೋಗು.”