ಚಕ್ರದಡಿಯ ನಿಂಬೆಹಣ್ಣು

ಗ್ಯಾರೇಜು ಮೇಸ್ತ್ರಿ ಫಕೀರಪ್ಪನಿಗೆ ಎರಡು ಕಾರುಗಳಿದ್ದವು. ಆನೆಯಂಥದೊಂದು ಅಮೆರಿಕದ್ದು, ಹಳೆಯ ಪುಟ್ಟದೊಂದು ಜಪಾನಿನದು. ಆಯುಧಪೂಜೆಯ ಬೆಳಿಗ್ಗೆ ಎರಡಕ್ಕೂ ಚೆಂಡುಹೂವಿನ ಹಾರ ಹಾಕಿ, ಕಾರು ಹತ್ತಿಸಿ ಜಜ್ಜಲೆಂದು ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು.

ಅಮೆರಿಕದ ಕಾರು ಜಂಬದಿಂದ ಕೇಳಿತು, “ಏನಯ್ಯಾ, ಮೇಸ್ತ್ರಿ ನಿನ್ನ ಬಾನೆಟ್ ಎತ್ತಿ ಎಷ್ಟು ದಿನವಾಯಿತು?”

“ಹೋದ ವರ್ಷ ಎಣ್ಣೆ ಬದಲಿಸಿದ್ದರು ಅಣ್ಣ.”

“ಅಯ್ಯೋ ಪಾಪ, ನಿನ್ನನ್ನು ಕೇಳುವವರೇ ಇಲ್ಲ! ನನ್ನ ಯೋಗಕ್ಷೇಮ ವಿಚಾರಿಸದೆ ಮೇಸ್ತ್ರಿ ಊಟಕ್ಕೆ ಕೂರುವುದಿಲ್ಲ. ನಾನು ಹೊರಟೆನೆಂದರೆ ಹಿಂದೆ ಹತ್ತು ಜನ ಇರಲೇಬೇಕು.”

“ಅದೇನೋ ನಿಜ,” ಎಂದಿತು ಜಪಾನಿನ ಕಾರು.

ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ಗಿರಿಜವ್ವ ಓಡಿ ಬಂದಳು. “ಏನ್ರೀ, ಬೀಗರು ಸ್ಟೇಷನ್ನಿನಾಗ ಇಳದಾರಂತ! ದೊಡ್ಡ ಗಾಡಿ ತಗೊಂಡು ಹೋಗ್ರಿ, ನಮ್ಮ ಮರ್ಯಾದಿ ಪ್ರಶ್ನೆ.”

ಅಮೆರಿಕದ ಕಾರು ಎದೆಯುಬ್ಬಿಸಿ ನಿಂತಿತು.

“ಮರ್ಯಾದಿ ಪ್ರಶ್ನೆ ಅಂತನ ಸಣ್ಣದು ಒಯ್ಯತೀನಿ,” ಎಂದ ಮೇಸ್ತ್ರಿ. “ಬೀಗರ ಕಡಿಂದ ಗಾಡಿ ದಬ್ಬಸ್ಲೇನು?”

ಪುಟ್ಟ ಕಾರು ನಾಲ್ಕೂ ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ ಹೊರಟೇಹೋಯಿತು.

“ಇಂಥ ಚಿಲ್ಲರೆ ಕೆಲಸಕ್ಕೆಲ್ಲ ದೊಡ್ಡವರನ್ನು ಎಬ್ಬಿಸುವುದಿಲ್ಲ,” ಎಂದು ಅಮೆರಿಕದ ಕಾರು ತನಗೆ ತಾನೇ ಸಮಾಧಾನ ಹೇಳಿಕೊಂಡಿತು.

ಅದರ ಮುಂದಿನ ಚಕ್ರದಡಿಯಿಂದ ನಿಂಬೆಹಣ್ಣು ನಿಟ್ಟುಸಿರು ಬಿಟ್ಟಿತು. “ಬೆಳಿಗ್ಗೆಯಿಂದ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ ಸ್ವಾಮಿ. ಮೇಲಿರುವುದು ನೀವೆಂದು ಈಗ ತಿಳಿಯಿತು. ಇನ್ನು ಮುಂದಿನ ಆಯುಧಪೂಜೆಯವರೆಗೂ ನನ್ನ ಆಯುಸ್ಸು ಗಟ್ಟಿ!”